ರನ್‌ವೇ ಖಾಲಿ ಇದ್ದರೂ ಹುಬ್ಬಳ್ಳಿ ವಿಮಾನ ಯಾಕೆ ಕಾಯುತ್ತದೆ?

ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಬೆಂಗಳೂರಿಗೋ ಮುಂಬೈಗೋ ಓಡಾಡುವವರಿಗೆ ಈ ಅನೌನ್ಸ್‌ಮೆಂಟ್ ಹೊಸದಲ್ಲ. ಎಲ್ಲರೂ ಹತ್ತಿ ಕೂತಾಗಿದೆ, ಬೆಲ್ಟ್ ಹಾಕಿಯಾಗಿದೆ, ಬಾಗಿಲೂ ಮುಚ್ಚಿದೆ. ಆಗ ಪೈಲಟ್ ಹೇಳುತ್ತಾರೆ: ಎಟಿಸಿ ಕ್ಲಿಯರೆನ್ಸ್‌ಗೆ (ವಿಮಾನ ಸಂಚಾರ ನಿಯಂತ್ರಕರ ಅನುಮತಿಗೆ) ಕಾಯುತ್ತಿದ್ದೇವೆ. ಕಿಟಕಿಯಿಂದ ನೋಡಿದರೆ ರನ್‌ವೇ ಪೂರ್ತಿ ಖಾಲಿ, ಮೇಲೆ ಆಕಾಶವೂ ಖಾಲಿ. ಹಂಗಿದ್ದ ಮೇಲೆ ಯಾಕೆ ಬಿಡ್ತಿಲ್ಲ ಅಂತ ಪಕ್ಕದ ಸೀಟಿನವರು ಕೇಳುತ್ತಾರೆ. ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

ಉತ್ತರ ಇದೆ, ಮತ್ತು ಅದು ನಮ್ಮ ಊರಿನ ವಿಮಾನ ಸೌಕರ್ಯದ ಬಗ್ಗೆ ನಾವು ಮಾತಾಡುವ ರೀತಿಯನ್ನೇ ಬದಲಿಸಬೇಕಾದ ಉತ್ತರ. ಹುಬ್ಬಳ್ಳಿ ಟವರ್‌ನಲ್ಲಿ ಕೂತವರ ಕೈಯಲ್ಲಿ ರನ್‌ವೇ ಇದೆ, ಊರಿನ ಸುತ್ತಲಿನ ಒಂದಿಷ್ಟು ಆಕಾಶವೂ ಇದೆ. ಆದರೆ ವಿಮಾನ ಹೋಗಿ ಸೇರಬೇಕಾದ ದೊಡ್ಡ ದಾರಿ ಅವರ ಕೈಯಲ್ಲಿ ಇಲ್ಲ. ಅದು ನೂರಾರು ಕಿಲೋಮೀಟರ್ ದೂರದಲ್ಲಿ ಪರದೆ ಮುಂದೆ ಕೂತಿರುವ ಏರಿಯಾ ಕಂಟ್ರೋಲರ್ ಕೈಯಲ್ಲಿದೆ. ಅವರು ಹೂಂ ಅನ್ನುವ ತನಕ ಇಲ್ಲಿಂದ ಗಾಲಿ ಏಳುವ ಹಾಗಿಲ್ಲ.

ರೈಲ್ವೆ ಊರಿನವರಾದ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಊರು. ಮುಂದಿನ ಸ್ಟೇಷನ್‌ನಿಂದ ಲೈನ್ ಕ್ಲಿಯರ್ ಸಿಗದೆ ಸ್ಟೇಷನ್ ಮಾಸ್ಟರ್ ಗಾಡಿ ಬಿಡುವುದಿಲ್ಲ ಅನ್ನುವುದು ಇಲ್ಲಿ ಬಹಳಷ್ಟು ಮನೆಗಳಲ್ಲಿ ಗೊತ್ತಿರುವ ಮಾತು. ವಿಮಾನದ ರೂಟ್ ಕ್ಲಿಯರೆನ್ಸ್ ಕೂಡ ಹೆಚ್ಚುಕಮ್ಮಿ ಅದೇ. ಒಂದೇ ದೊಡ್ಡ ವ್ಯತ್ಯಾಸ ಅಂದರೆ ರೈಲನ್ನು ದಾರಿ ಮಧ್ಯೆ ನಿಲ್ಲಿಸಬಹುದು, ವಿಮಾನವನ್ನು ನಿಲ್ಲಿಸಲು ಆಗುವುದಿಲ್ಲ. ಆದ್ದರಿಂದ ಯೋಚನೆಯೆಲ್ಲ ಏರುವ ಮೊದಲೇ ಮುಗಿದಿರಬೇಕು.

ಆ ಯೋಚನೆ ಶುರುವಾಗುವುದು ನಾವು ಇನ್ನೂ ಮನೆಯಲ್ಲಿ ಬ್ಯಾಗ್ ಕಟ್ಟುತ್ತಿರುವಾಗ. ವಿಮಾನ ಸಂಸ್ಥೆ ಫ್ಲೈಟ್ ಪ್ಲಾನ್ ಫೈಲ್ ಮಾಡುತ್ತದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹೊರಡುವ ಸಮಯಕ್ಕಿಂತ ಕನಿಷ್ಠ 60 ನಿಮಿಷ ಮೊದಲು ಇದು ಸಲ್ಲಿಕೆಯಾಗಿರಬೇಕು. ಯಾವ ವಿಮಾನ, ಎಷ್ಟು ವೇಗ, ಯಾವ ದಾರಿ, ಎಷ್ಟು ಎತ್ತರ, ಎಷ್ಟು ಹೊತ್ತಿನ ಇಂಧನ, ಇಳಿಯಲು ಆಗದಿದ್ದರೆ ಬೇರೆ ಯಾವ ಊರು, ಎಲ್ಲವೂ ಅದರಲ್ಲಿ ಇರುತ್ತದೆ. ಭಾರತದಲ್ಲಿ ಇದರ ಜೊತೆ ಇನ್ನೆರಡು ನಂಬರ್ ಬೇಕು. ಒಂದು ಫ್ಲೈಟ್ ಇನ್ಫರ್ಮೇಷನ್ ಸೆಂಟರ್ ಕೊಡುವ ಎಫ್ಐಸಿ ನಂಬರ್. ಇನ್ನೊಂದು ವಾಯುಪಡೆ ಕಡೆಯಿಂದ ಬರುವ ಏರ್ ಡಿಫೆನ್ಸ್ ಕ್ಲಿಯರೆನ್ಸ್, ಅಂದರೆ ಎಡಿಸಿ. ರೇಡಾರ್‌ನಲ್ಲಿ ಕಾಣುವ ಚುಕ್ಕೆ ನಮ್ಮದೇ ವಿಮಾನ ಅಂತ ವಾಯುಪಡೆಗೆ ಮೊದಲೇ ಗೊತ್ತಿರಬೇಕು, ಅಷ್ಟೇ.

ಚುನಾವಣೆ ಹೊತ್ತಿನಲ್ಲಿ ಹಾವೇರಿ, ಗದಗದ ಮೈದಾನಗಳಲ್ಲಿ ಇಳಿಯುವ ಹೆಲಿಕಾಪ್ಟರ್‌ಗಳಿಗೂ ಈ ನಂಬರ್‌ಗಳು ಬೇಕು. ಅವು ಕಣ್ಣಿಗೆ ನೆಲ ಕಾಣುವಂತೆ ಹಾರುವ ವಿಎಫ್ಆರ್ ಪದ್ಧತಿಯಲ್ಲಿ ಹೋಗುತ್ತವೆ. ನಮ್ಮ ದೇಶದಲ್ಲಿ ಸೂರ್ಯ ಮುಳುಗಿ 20 ನಿಮಿಷ ಆದ ಮೇಲೆ ವಿಎಫ್ಆರ್ ಹಾರಾಟಕ್ಕೆ ಅವಕಾಶ ಇಲ್ಲ. ಸಂಜೆ ಸಭೆಯಲ್ಲಿ ನಾಯಕರು ಭಾಷಣ ಅರ್ಧಕ್ಕೆ ಮುಗಿಸಿ ಹೆಲಿಪ್ಯಾಡ್ ಕಡೆ ಓಡುವುದು ಇದಕ್ಕೇ.

ನಾವು ಹತ್ತುವ ಏರ್‌ಬಸ್, ಎಟಿಆರ್ ವಿಮಾನಗಳ ಕಥೆ ಬೇರೆ. ಅವು ಪೂರ್ತಿ ಇನ್‌ಸ್ಟ್ರುಮೆಂಟ್ ನಿಯಮದಲ್ಲಿ, ಅಂದರೆ ಕಣ್ಣಿಗಿಂತ ಉಪಕರಣಗಳನ್ನು ನಂಬಿ, ನಿಯಂತ್ರಿತ ದಾರಿಗಳಲ್ಲಿ ಹಾರುತ್ತವೆ. ಆಕಾಶದಲ್ಲಿ ದಾರಿ ಅಂದರೆ ಸುಮ್ನೆ ಆಡುವ ಮಾತಲ್ಲ. ಅಕ್ಷರ ಮತ್ತು ಅಂಕಿ ಸೇರಿದ ಹೆಸರಿರುವ, ನಕ್ಷೆಯಲ್ಲಿ ಗುರುತಿರುವ ದಾರಿಗಳು ಅವು. ಮಧ್ಯೆ ಮಧ್ಯೆ ಐದು ಅಕ್ಷರದ ಹೆಸರಿನ ಬಿಂದುಗಳಿರುತ್ತವೆ. ಪೈಲಟ್ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುತ್ತಾರೆ, ಕಂಟ್ರೋಲರ್ ಆ ಬಿಂದುಗಳ ಲೆಕ್ಕದಲ್ಲೇ ಯಾರು ಎಲ್ಲಿ ಯಾವಾಗ ಇರುತ್ತಾರೆ ಅಂತ ಅಂದಾಜು ಮಾಡುತ್ತಾರೆ.

ಈಗ ನಕ್ಷೆ ತೆಗೆದು ಎರಡು ಗೆರೆ ಎಳೆದು ನೋಡಿ. ಮುಂಬೈನಿಂದ ಬೆಂಗಳೂರಿಗೆ ಒಂದು ನೇರ ಗೆರೆ ಎಳೆದರೆ ಅದು ಗದಗಿನ ಸ್ವಲ್ಪ ಪೂರ್ವಕ್ಕೆ ಹಾದು ಹೋಗುತ್ತದೆ. ಗೋವಾದಿಂದ ಬೆಂಗಳೂರಿಗೆ ಎಳೆದ ಗೆರೆ ಹಿರೇಕೆರೂರಿನ ಆಸುಪಾಸಿನಲ್ಲಿ ಹಾವೇರಿ ಜಿಲ್ಲೆಯನ್ನು ದಾಟುತ್ತದೆ. ನಿಜವಾದ ವಾಯುಮಾರ್ಗಗಳು ಇಷ್ಟು ನೇರ ಇರುವುದಿಲ್ಲ, ಅಲ್ಲಲ್ಲಿ ಸೊಟ್ಟ ತಿರುಗುತ್ತವೆ. ಆದರೂ ವಿಷಯ ಗೊತ್ತಾಯಿತಲ್ವಾ? ನಮ್ಮ ಮೂರು ಜಿಲ್ಲೆಗಳ ನೆತ್ತಿಯ ಮೇಲೆ ಎರಡು ದೊಡ್ಡ ಓಟಗಳು ಬೆಂಗಳೂರಿನ ಕಡೆಗೆ ಹತ್ತಿರ ಹತ್ತಿರ ಬರುತ್ತಿವೆ, ಅವೆರಡರ ನಡುವೆ ಹುಬ್ಬಳ್ಳಿಯಿಂದ ಎದ್ದ ವಿಮಾನ ಕೆಳಗಿನಿಂದ ನುಸುಳಬೇಕು. ಕಿಟಕಿಯಿಂದ ಖಾಲಿ ಕಂಡ ಆಕಾಶದಲ್ಲಿ ಇಪ್ಪತ್ತು ಮೂವತ್ತು ಸಾವಿರ ಅಡಿ ಮೇಲೆ ಇವರೆಲ್ಲ ಇರುತ್ತಾರೆ, ನಮಗೆ ಕಾಣುವುದಿಲ್ಲ.

ಎತ್ತರಕ್ಕೂ ಲೆಕ್ಕ ಇದೆ. ಪೂರ್ವದ ಕಡೆ ಹೋಗುವವರಿಗೆ, ಅಂದರೆ ದಿಕ್ಸೂಚಿಯಲ್ಲಿ 0ಯಿಂದ 179 ಡಿಗ್ರಿ ಒಳಗೆ ಹೋಗುವವರಿಗೆ ಬೆಸ ಎತ್ತರ: 15,000, 17,000, 33,000 ಹೀಗೆ. ಪಶ್ಚಿಮದ ಕಡೆಯವರಿಗೆ ಸರಿ ಎತ್ತರ. ಹುಬ್ಬಳ್ಳಿಯಿಂದ ಬೆಂಗಳೂರು ಆಗ್ನೇಯಕ್ಕೆ, ಹೈದರಾಬಾದ್ ಈಶಾನ್ಯಕ್ಕೆ, ದೆಹಲಿ ಉತ್ತರದಿಂದ ಸ್ವಲ್ಪವೇ ಪೂರ್ವಕ್ಕೆ ಇವೆ. ಮೂರಕ್ಕೂ ಬೆಸ ಸಂಖ್ಯೆ. ಪುಣೆ, ಮುಂಬೈ ವಾಯವ್ಯಕ್ಕೆ, ಹಾಗಾಗಿ ಸರಿ ಸಂಖ್ಯೆ. ಎದುರುಬದುರು ಬರುವ ಎರಡು ವಿಮಾನಗಳ ನಡುವೆ ಹೀಗೆ ಕನಿಷ್ಠ 1,000 ಅಡಿ ಅಂತರ ತಾನಾಗಿಯೇ ಉಳಿಯುತ್ತದೆ. ಮೊದಲು 29,000 ಅಡಿಯಿಂದ ಮೇಲೆ 2,000 ಅಡಿ ಅಂತರ ಇಡಬೇಕಿತ್ತು. 2003ರ ನವೆಂಬರ್‌ನಿಂದ ಭಾರತದಲ್ಲೂ 29,000ದಿಂದ 41,000 ಅಡಿವರೆಗೆ 1,000 ಅಡಿ ಸಾಕು ಅಂತ ಆಯಿತು, ಅದರಿಂದ ಅಷ್ಟೇ ಆಕಾಶದಲ್ಲಿ ಜಾಸ್ತಿ ವಿಮಾನಗಳಿಗೆ ಜಾಗ ಸಿಕ್ಕಿತು.

ಇಷ್ಟು ಗೊತ್ತಾದರೆ ಆ ಕಾಯುವ ಹೊತ್ತಿನಲ್ಲಿ ನಡೆಯುವುದು ಏನು ಅಂತ ಹೇಳುವುದು ಸುಲಭ. ಬಾಗಿಲು ಮುಚ್ಚುವ ಹೊತ್ತಿಗೆ ಪೈಲಟ್ ಟವರ್ ಜೊತೆ ಮಾತಾಡಿ ಕ್ಲಿಯರೆನ್ಸ್ ಕೇಳುತ್ತಾರೆ. ದೆಹಲಿ, ಮುಂಬೈನಂಥ ದೊಡ್ಡ ನಿಲ್ದಾಣಗಳಲ್ಲಿ ಇದಕ್ಕೇ ಬೇರೆ ಫ್ರೀಕ್ವೆನ್ಸಿ ಇದೆ, ಎಷ್ಟೋ ಸಲ ಮಾತೂ ಬೇಕಿಲ್ಲ, ಕಾಕ್‌ಪಿಟ್ ಪರದೆಯ ಮೇಲೆ ಅಕ್ಷರದಲ್ಲೇ ಬರುತ್ತದೆ. ಸಣ್ಣ ನಿಲ್ದಾಣಗಳಲ್ಲಿ ಟವರ್‌ನವರೇ ಏರಿಯಾ ಕಂಟ್ರೋಲ್‌ಗೆ ಕರೆ ಮಾಡಿ ಕೇಳುತ್ತಾರೆ: ಇಂಥ ವಿಮಾನ ಇಂಥ ಊರಿಗೆ ಹೊರಡಲು ರೆಡಿ ಇದೆ, ಇಷ್ಟು ಎತ್ತರ ಕೇಳುತ್ತಿದೆ, ಏನು ಹೇಳಲಿ? ಆ ಕಡೆಯವರು ತಮ್ಮ ಪರದೆ ನೋಡುತ್ತಾರೆ. ಅದೇ ಹೊತ್ತಿಗೆ ಆ ಬಿಂದುವಿಗೆ ಯಾರು ಬರುತ್ತಿದ್ದಾರೆ, ಯಾರು ಇಳಿಯುತ್ತಿದ್ದಾರೆ, ಯಾರು ಏರುತ್ತಿದ್ದಾರೆ, ಈ ವಿಮಾನಕ್ಕೆ ಯಾವ ಎತ್ತರ ಕೊಟ್ಟರೆ ಯಾರಿಗೂ ಅಡ್ಡ ಬರುವುದಿಲ್ಲ. ಲೆಕ್ಕ ಕೂಡಿದರೆ ಕ್ಲಿಯರೆನ್ಸ್ ಕೊಡುತ್ತಾರೆ. ಕೂಡದಿದ್ದರೆ ಕಾಯಲು ಹೇಳುತ್ತಾರೆ, ಅಥವಾ ಕಡಿಮೆ ಎತ್ತರ ಕೊಟ್ಟು ಮುಂದಿನದನ್ನು ಆಮೇಲೆ ನೋಡೋಣ ಅನ್ನುತ್ತಾರೆ.

ಬರುವ ಕ್ಲಿಯರೆನ್ಸ್‌ನಲ್ಲಿ ಮುಖ್ಯವಾಗಿ ಐದು ಸಂಗತಿ ಇರುತ್ತವೆ. ಎಲ್ಲಿಯವರೆಗೆ ಅನುಮತಿ, ಯಾವ ದಾರಿ, ಮೊದಲು ಎಷ್ಟು ಎತ್ತರಕ್ಕೆ ಏರಿ ನಿಲ್ಲಬೇಕು, ಏರಿದ ಮೇಲೆ ಯಾವ ಫ್ರೀಕ್ವೆನ್ಸಿಯಲ್ಲಿ ಯಾರ ಜೊತೆ ಮಾತಾಡಬೇಕು, ಮತ್ತೆ ಸ್ಕ್ವಾಕ್ ಕೋಡ್. ಕೊನೆಯದು ನಾಲ್ಕು ಅಂಕಿಯ ಕೋಡ್. 0ಯಿಂದ 7ರವರೆಗಿನ ಅಂಕಿಗಳು ಮಾತ್ರ ಇರುವುದರಿಂದ ಒಟ್ಟು 4,096 ಕೋಡ್ ಸಾಧ್ಯ. ವಿಮಾನದ ಟ್ರಾನ್ಸ್‌ಪಾಂಡರ್‌ಗೆ, ಅಂದರೆ ರೇಡಾರ್‌ಗೆ ಗುರುತು ಕಳಿಸುವ ಉಪಕರಣಕ್ಕೆ, ಅದನ್ನು ಹಾಕಿದ ಮೇಲೆ ರೇಡಾರ್ ಪರದೆಯ ಮೇಲಿನ ಚುಕ್ಕೆಗೆ ಹೆಸರು ಬರುತ್ತದೆ, ಎತ್ತರವೂ ಕಾಣುತ್ತದೆ. ಪೈಲಟ್ ಎಲ್ಲವನ್ನೂ ಬರೆದುಕೊಂಡು ಮತ್ತೆ ಓದಿ ಹೇಳಬೇಕು. ದಾರಿ, ಎತ್ತರ, ಕೋಡ್, ವಾಯು ಒತ್ತಡದ ಸೆಟ್ಟಿಂಗ್ ಇವನ್ನು ತಿರುಗಿ ಹೇಳುವುದು ಕಡ್ಡಾಯ. ಟವರ್‌ನವರು ಕೇಳಿಸಿಕೊಂಡು ಸರಿಯಿದೆ ಅಂದ ಮೇಲೇ ಆ ಹಂತ ಮುಗಿಯುವುದು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ದಾರಿಗೆ ಕ್ಲಿಯರೆನ್ಸ್ ಸಿಕ್ಕಿತು ಅಂದರೆ ಹಾರಲು ಅನುಮತಿ ಸಿಕ್ಕಿತು ಅಂತ ಅಲ್ಲ. ಟೇಕ್‌ಆಫ್‌ಗೆ ಟವರ್‌ನಿಂದ ಬೇರೆಯೇ ಅನುಮತಿ ಬರಬೇಕು. ಇವೆರಡು ಕಲಸಿಹೋದರೆ ಏನಾಗುತ್ತದೆ ಅಂತ ಜಗತ್ತಿಗೆ ಗೊತ್ತಾದದ್ದು 1977ರ ಮಾರ್ಚ್ 27ರಂದು, ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ. ಮಂಜು ಕವಿದಿತ್ತು. ಕೆಎಲ್ಎಂನ ಜಂಬೋ ವಿಮಾನ ರನ್‌ವೇ ತುದಿಯಲ್ಲಿ ನಿಂತಿತ್ತು, ಪ್ಯಾನ್ ಆಮ್‌ನ ಇನ್ನೊಂದು ಜಂಬೋ ಅದೇ ರನ್‌ವೇ ಮೇಲೆ ಇನ್ನೂ ಓಡಾಡುತ್ತಿತ್ತು. ಟವರ್‌ನವರು ಕೆಎಲ್ಎಂಗೆ ಕೊಟ್ಟದ್ದು ದಾರಿಯ ಕ್ಲಿಯರೆನ್ಸ್ ಮಾತ್ರ: ಏರಿದ ಮೇಲೆ ಎಲ್ಲಿಗೆ ತಿರುಗಬೇಕು, ಎಷ್ಟು ಎತ್ತರ. ಅದನ್ನು ತಿರುಗಿ ಓದುತ್ತಿರುವಾಗಲೇ ಕ್ಯಾಪ್ಟನ್ ವಿಮಾನ ಓಡಿಸಲು ಶುರು ಮಾಡಿದರು. ಎರಡೂ ಡಿಕ್ಕಿ ಹೊಡೆದು 583 ಜನ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ವಿಮಾನ ಅಪಘಾತ ಇಲ್ಲ. ಅಲ್ಲಿಂದ ಮುಂದೆ ಟೇಕ್‌ಆಫ್ ಅನ್ನುವ ಪದವನ್ನು ನಿಜವಾಗಿ ಟೇಕ್‌ಆಫ್ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ರೇಡಿಯೊದಲ್ಲಿ ಬಳಸಬೇಕು, ಬೇರೆ ಎಲ್ಲ ಕಡೆ ಡಿಪಾರ್ಚರ್ ಅನ್ನಬೇಕು ಅಂತ ನಿಯಮ ಬಂತು. ಇವತ್ತು ಹುಬ್ಬಳ್ಳಿಯ ರೇಡಿಯೊದಲ್ಲೂ ಅದೇ ನಿಯಮ.

ಎತ್ತರದ ವಿಷಯದಲ್ಲಿ ನಮ್ಮ ದೇಶವೇ ಕಲಿತ ಪಾಠ ಒಂದಿದೆ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಸೌದಿಯಾ ವಿಮಾನ ಎದ್ದಿತ್ತು. 14,000 ಅಡಿಗೆ ಏರಿ ಅಲ್ಲೇ ಇರಿ ಅಂತ ಹೇಳಲಾಗಿತ್ತು. ಎದುರಿಂದ ಇಳಿಯುತ್ತಿದ್ದ ಕಜಕಿಸ್ತಾನದ ಇಲ್ಯುಶಿನ್ ವಿಮಾನಕ್ಕೆ 15,000 ಅಡಿ ಕೊಡಲಾಗಿತ್ತು. ಕಾಗದದ ಮೇಲೆ 1,000 ಅಡಿ ಅಂತರ ಸರಿಯಾಗೇ ಇತ್ತು. ಕಜಕ್ ವಿಮಾನ ತನಗೆ ಕೊಟ್ಟ ಎತ್ತರಕ್ಕಿಂತ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡೂ ಡಿಕ್ಕಿಯಾಗಿ 349 ಜನ ಸತ್ತರು. ಆಗ ದೆಹಲಿ ಕಂಟ್ರೋಲರ್‌ಗಳ ಪರದೆಯ ಮೇಲೆ ವಿಮಾನದ ಎತ್ತರ ತೋರಿಸುವ ಸೆಕೆಂಡರಿ ರೇಡಾರ್ ಇರಲಿಲ್ಲ. ಬರುವವರಿಗೂ ಹೋಗುವವರಿಗೂ ಒಂದೇ ಕಾರಿಡಾರ್ ಇತ್ತು. ಆಮೇಲೆ ಕಾರಿಡಾರ್ ಬೇರೆ ಮಾಡಿದರು, ಡಿಕ್ಕಿ ತಪ್ಪಿಸುವ ಉಪಕರಣ ವಿಮಾನಗಳಲ್ಲಿ ಕಡ್ಡಾಯವಾಯಿತು. ಹುಬ್ಬಳ್ಳಿಯಿಂದ ಎದ್ದ ವಿಮಾನವನ್ನು ಕೆಲವೊಮ್ಮೆ ಕಡಿಮೆ ಎತ್ತರದಲ್ಲೇ ಹಿಡಿದಿಟ್ಟು, ಮೇಲಿನವರು ದಾಟಿ ಹೋದ ಮೇಲೆ ಏರಲು ಬಿಡುತ್ತಾರಲ್ಲ, ಆ ಎಚ್ಚರಿಕೆಯ ಹಿಂದೆ ಇಂಥ ಸಂಜೆಗಳಿವೆ.

ಎಷ್ಟು ಅಂತರ ಬೇಕು ಅನ್ನುವುದು ಕಂಟ್ರೋಲರ್ ಕಣ್ಣಿಗೆ ಏನು ಕಾಣುತ್ತದೆ ಅನ್ನುವುದರ ಮೇಲೆ ನಿಂತಿದೆ. ರೇಡಾರ್‌ನಲ್ಲಿ ಎರಡೂ ವಿಮಾನ ಸ್ಪಷ್ಟ ಕಾಣುತ್ತಿದ್ದರೆ ದಾರಿಯಲ್ಲಿ ಸಾಮಾನ್ಯವಾಗಿ 5 ನಾಟಿಕಲ್ ಮೈಲಿ, ಅಂದರೆ ಸುಮಾರು 9 ಕಿಲೋಮೀಟರ್ ಸಾಕು. ಹುಬ್ಬಳ್ಳಿ–ಧಾರವಾಡದ ಅರ್ಧ ದಾರಿಯೂ ಅಲ್ಲ. ರೇಡಾರ್ ಸಿಗದ ಕಡೆ ಗಡಿಯಾರ ನೋಡಿ ಬಿಡಬೇಕು. ಒಂದೇ ದಾರಿ, ಒಂದೇ ಎತ್ತರದಲ್ಲಿ ಹೋಗುವ ಎರಡು ವಿಮಾನಗಳ ನಡುವೆ ಆಗ ಸಾಮಾನ್ಯವಾಗಿ 10 ನಿಮಿಷ ಬೇಕು. ಜೆಟ್ ವಿಮಾನ 10 ನಿಮಿಷದಲ್ಲಿ ಸುಮಾರು 140–150 ಕಿಲೋಮೀಟರ್ ಹೋಗುತ್ತದೆ. ಇಲ್ಲಿಂದ ಹೊಸಪೇಟೆಯಷ್ಟು ದೂರ! ರೇಡಾರ್ ಕಣ್ಣು ಚೆನ್ನಾಗಿದ್ದರೆ ಒಂದೇ ಆಕಾಶದಲ್ಲಿ ಎಷ್ಟು ಜಾಸ್ತಿ ವಿಮಾನ ಹಿಡಿಯುತ್ತವೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಹೊರಡುವ ಕ್ರಮಕ್ಕೂ ಇದರಲ್ಲಿ ಪಾತ್ರ ಇದೆ. ನಮ್ಮ ರನ್‌ವೇ ಪೂರ್ವ–ಪಶ್ಚಿಮವಾಗಿದೆ, 08 ಮತ್ತು 26 ಅಂತ ಕರೆಯುತ್ತಾರೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿಗೆ ಎದುರಾಗಿ 26ರಿಂದ ಏಳುವುದು ಅನುಕೂಲ. ಒಂದು ವಿಮಾನ ಎದ್ದು ಬಲಕ್ಕೆ ಮುಂಬೈ ಕಡೆ ತಿರುಗಿ, ಇನ್ನೊಂದು ಎಡಕ್ಕೆ ಬೆಂಗಳೂರು ಕಡೆ ತಿರುಗುವುದಾದರೆ ಎರಡರ ನಡುವೆ ಕಾಯುವ ಸಮಯ ತೀರಾ ಕಮ್ಮಿ. ಎದ್ದ ಕೂಡಲೇ ಎರಡರ ದಿಕ್ಕು 45 ಡಿಗ್ರಿಯಾದರೂ ಬೇರೆಯಾಗುವುದಾದರೆ ಒಂದು ನಿಮಿಷದ ಅಂತರವೂ ಸಾಕು ಅಂತ ನಿಯಮ ಇದೆ. ಎರಡೂ ಬೆಂಗಳೂರಿಗೇ ಹೊರಟರೆ, ಅದರಲ್ಲೂ ಮುಂದೆ ನಿಧಾನದ ಎಟಿಆರ್, ಹಿಂದೆ ಏರ್‌ಬಸ್ ಇದ್ದರೆ, ಹಿಂದಿನವರು ಕಾಯಲೇಬೇಕು.

ಇನ್ನು ಬಹಳ ಜನರಿಗೆ ಗೊತ್ತಿಲ್ಲದ ಕಾರಣ ಒಂದಿದೆ. ನನ್ನ ಪ್ರಕಾರ ಹುಬ್ಬಳ್ಳಿಯವರು ಮೊದಲು ತಿಳಿಯಬೇಕಾದದ್ದು ಇದೇ. ಎಷ್ಟೋ ಸಲ ದಾರಿಯೂ ಖಾಲಿ ಇರುತ್ತದೆ, ಎತ್ತರವೂ ಸಿಗುತ್ತದೆ, ಆದರೆ ಹೋಗಿ ಇಳಿಯುವ ಊರಿನಲ್ಲಿ ಜಾಗ ಇರುವುದಿಲ್ಲ. ಮುಂಬೈನಲ್ಲಿ ಎರಡು ರನ್‌ವೇ ಇವೆ, ಆದರೆ ಒಂದನ್ನೊಂದು ಕತ್ತರಿಸುವುದರಿಂದ ಒಂದೇ ಹೊತ್ತಿಗೆ ಎರಡನ್ನೂ ಬಳಸಲು ಆಗುವುದಿಲ್ಲ. ಅಲ್ಲಿ ದಟ್ಟಣೆಯ ಹೊತ್ತಿನಲ್ಲಿ ಒಂದು ಗಂಟೆಗೆ 46, ಉಳಿದ ಹೊತ್ತಿನಲ್ಲಿ 44 ವಿಮಾನ ಏರಿಳಿಯುತ್ತಿದ್ದವು. 2024ರ ಆರಂಭದಲ್ಲಿ ಕೇಂದ್ರ ಸರ್ಕಾರ ದಟ್ಟಣೆಯ ಹೊತ್ತಿನಲ್ಲಿ ಇದನ್ನು 44ಕ್ಕೆ, ಉಳಿದ ಹೊತ್ತಿನಲ್ಲಿ 42ಕ್ಕೆ ಇಳಿಸಿತು. ಕಾರಣವನ್ನೂ ಸರ್ಕಾರವೇ ಲೆಕ್ಕ ಹಾಕಿ ಹೇಳಿತ್ತು. ವಿಮಾನಗಳು ಮುಂಬೈ ಮೇಲೆ 40ರಿಂದ 60 ನಿಮಿಷ ಸುತ್ತುತ್ತಿದ್ದವು. 40 ನಿಮಿಷ ಸುತ್ತಿದರೆ ಸುಮಾರು 1.7 ಕಿಲೋಲೀಟರ್ ಇಂಧನ, ಅಂದರೆ ಹತ್ತಿರ ಹತ್ತಿರ 1.8 ಲಕ್ಷ ರೂಪಾಯಿ ಸುಟ್ಟು ಹೋಗುತ್ತದೆ.

ಮೇಲೆ ಸುತ್ತಿಸುವ ಬದಲು ಕೆಳಗೇ ಕಾಯಿಸೋಣ ಅನ್ನುವುದೇ ಏರ್ ಟ್ರಾಫಿಕ್ ಫ್ಲೋ ಮ್ಯಾನೇಜ್‌ಮೆಂಟ್. ದೆಹಲಿಯಲ್ಲಿ ಇದಕ್ಕೊಂದು ರಾಷ್ಟ್ರೀಯ ಕೇಂದ್ರ ಇದೆ. ಇಳಿಯುವ ಊರಿನಲ್ಲಿ ಯಾವ ಗಂಟೆಗೆ ಎಷ್ಟು ಜಾಗ, ಎಷ್ಟು ವಿಮಾನ ಬರುತ್ತಿವೆ ಅಂತ ನೋಡಿ, ಹೆಚ್ಚಾದರೆ ಒಂದೊಂದು ವಿಮಾನಕ್ಕೂ ಇಷ್ಟು ಗಂಟೆಗೇ ಏಳಬೇಕು ಅಂತ ಲೆಕ್ಕ ಹಾಕಿ ಸಮಯ ಕೊಡುತ್ತಾರೆ. ಅದನ್ನು ಸಿಟಿಒಟಿ ಅನ್ನುತ್ತಾರೆ. ಆ ಸಮಯಕ್ಕೆ ಮೊದಲು ಹುಬ್ಬಳ್ಳಿ ಟವರ್ ವಿಮಾನ ಬಿಡುವ ಹಾಗಿಲ್ಲ, ರನ್‌ವೇ ಎಷ್ಟೇ ಖಾಲಿ ಇರಲಿ.

ಇದು ಒಳ್ಳೆಯ ಪದ್ಧತಿ ಅಂತಲೇ ನಾನು ನಂಬುತ್ತೇನೆ. ನೆಲದ ಮೇಲೆ ಎಂಜಿನ್ ಆರಿಸಿ ಕಾಯುವುದು ಮೇಲೆ ಇಂಧನ ಸುಡುತ್ತಾ ಕಾಯುವುದಕ್ಕಿಂತ ಎಲ್ಲ ರೀತಿಯಿಂದಲೂ ಮೇಲು. ಆದರೆ ಇದರ ಹೊರೆ ಎಲ್ಲರ ಮೇಲೂ ಸಮ ಬೀಳುವುದಿಲ್ಲ, ಆ ಮಾತನ್ನು ಯಾರೂ ಆಡುವುದಿಲ್ಲ. ಲಂಡನ್‌ನಿಂದಲೋ ದುಬೈನಿಂದಲೋ ಎದ್ದು ಬಂದಾಗಿರುವ ವಿಮಾನವನ್ನು ನೆಲದ ಮೇಲೆ ಕಾಯಿಸಲು ಸಾಧ್ಯವೇ ಇಲ್ಲ. ಇನ್ನೂ ಏಳದೇ ಇರುವ, ಹತ್ತಿರದಿಂದ ಬರುವ ವಿಮಾನವನ್ನು ಮಾತ್ರ ಕಾಯಿಸಬಹುದು. ಅಂದರೆ ಹುಬ್ಬಳ್ಳಿ, ಬೆಳಗಾವಿಯಂಥ ಒಂದೊಂದು ಗಂಟೆ ದಾರಿಯ ಊರುಗಳ ವಿಮಾನಗಳು. ದೊಡ್ಡ ಊರಿನ ಇಕ್ಕಟ್ಟು ಹೀಗೆ ಸಣ್ಣ ಊರಿನ ಪ್ರಯಾಣಿಕರ ತಲೆಗೆ ಬರುತ್ತದೆ. ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಅದೇ ಎಟಿಆರ್ ದಿನಕ್ಕೆ ಹಲವು ಊರು ಸುತ್ತಬೇಕಿರುತ್ತದೆ, ಬೆಳಿಗ್ಗೆ ತಪ್ಪಿದ ಅರ್ಧ ಗಂಟೆ ಸಂಜೆ ಹೊತ್ತಿಗೆ ಬೆಳೆದು ಬೇರೆ ಯಾವುದೋ ಊರಿನವರ ಮೇಲೆ ಬೀಳುತ್ತದೆ. ಬೆಂಗಳೂರಿನಲ್ಲಿ ವಿದೇಶದ ವಿಮಾನ ಹಿಡಿಯಬೇಕಾದವರಿಗೆ, ಆಪರೇಷನ್‌ಗೆ ಹೊರಟವರಿಗೆ ಆ ಅರ್ಧ ಗಂಟೆ ಸಣ್ಣದಲ್ಲ. 2023ರ ಜೂನ್‌ನಿಂದ ಧಾರವಾಡ–ಬೆಂಗಳೂರು ವಂದೇ ಭಾರತ್ ಓಡುತ್ತಿದೆ. ವಿಮಾನದ ಸಮಯ ನಂಬುವ ಹಾಗಿಲ್ಲ ಅಂತಾದರೆ ಜನ ಅದನ್ನೇ ಹತ್ತುತ್ತಾರೆ, ಹತ್ತುತ್ತಿದ್ದಾರೆ ಕೂಡ.

ಬೆಂಗಳೂರಿಗೆ ಇನ್ನೂ ಒಂದು ತೊಡಕಿದೆ. ಯಲಹಂಕ ವಾಯುನೆಲೆ ಕೆಂಪೇಗೌಡ ನಿಲ್ದಾಣದ ಪಕ್ಕದಲ್ಲೇ ಇದೆ, ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆದಾಗ ದಿನದಲ್ಲಿ ಕೆಲವು ಗಂಟೆ ನಾಗರಿಕ ವಿಮಾನಗಳಿಗೆ ಆ ಆಕಾಶವೇ ಮುಚ್ಚುತ್ತದೆ. ಮಿಲಿಟರಿ ಆಕಾಶ ನಮಗೂ ದೂರವಿಲ್ಲ. ಗೋವಾದ ದಾಬೋಲಿಮ್ ನೌಕಾಪಡೆಯ ನೆಲೆ. ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆ ಇದೆ. ಬೆಂಗಳೂರಿನ ದಾರಿಯಲ್ಲಿ, ಚಿತ್ರದುರ್ಗದ ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಪೈಲಟ್ ಇಲ್ಲದ ವಿಮಾನಗಳನ್ನು ಪರೀಕ್ಷಿಸುವ ಜಾಗ ಇದೆ. 2019ರಲ್ಲೂ 2023ರಲ್ಲೂ ಚಿತ್ರದುರ್ಗ ಜಿಲ್ಲೆಯ ಹೊಲಗಳಲ್ಲಿ ಬಿದ್ದ ತಪಸ್ ವಿಮಾನಗಳ ಸುದ್ದಿ ಓದಿದವರಿಗೆ ನೆನಪಿರಬಹುದು. ಇಂಥ ಜಾಗಗಳ ಮೇಲೆ ನಾಗರಿಕ ವಿಮಾನಗಳು ಬೇಕೆಂದಾಗ ಹಾದುಹೋಗಲು ಆಗುವುದಿಲ್ಲ. 2020ರ ಮೇ ತಿಂಗಳಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಹೇಳಿದ ಲೆಕ್ಕ ಇದು: ಭಾರತದ ಆಕಾಶದಲ್ಲಿ ಶೇ 60ರಷ್ಟು ಮಾತ್ರ ನಾಗರಿಕ ವಿಮಾನಗಳಿಗೆ ಮುಕ್ತವಾಗಿದೆ, ನಿರ್ಬಂಧ ಸಡಿಲಿಸಿದರೆ ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿ ಉಳಿಯುತ್ತದೆ. ಮಿಲಿಟರಿ ಬಳಸದ ಹೊತ್ತಿನಲ್ಲಿ ಆ ಆಕಾಶವನ್ನು ನಾಗರಿಕ ವಿಮಾನಗಳಿಗೆ ಬಿಡುವ ಪದ್ಧತಿ ನಿಧಾನವಾಗಿ ಬೆಳೆಯುತ್ತಿದೆ. ಇನ್ನೂ ಬೇಗ ಬೆಳೆಯಬೇಕು.

ಈ ಇಡೀ ವ್ಯವಸ್ಥೆ ಎಷ್ಟು ಸೂಕ್ಷ್ಮ ಅಂತ 2025ರ ನವೆಂಬರ್ ಮೊದಲ ವಾರದಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ದೆಹಲಿಯಲ್ಲಿ ಕೆಟ್ಟದ್ದು ರೇಡಾರ್ ಅಲ್ಲ, ರನ್‌ವೇ ಅಲ್ಲ. ಫ್ಲೈಟ್ ಪ್ಲಾನ್ ಸಂದೇಶಗಳನ್ನು ತಾನಾಗಿಯೇ ಕಂಟ್ರೋಲರ್‌ಗಳಿಗೆ ತಲುಪಿಸುವ ಎಎಂಎಸ್ಎಸ್ ಅನ್ನುವ ವ್ಯವಸ್ಥೆ. ಅದು ನಿಂತ ಕೂಡಲೇ ಪ್ರತಿ ವಿಮಾನದ ಪ್ಲಾನನ್ನೂ ಕೈಯಿಂದ ಸಿದ್ಧ ಮಾಡಬೇಕಾಯಿತು. ನೂರಾರು ವಿಮಾನಗಳು ತಡವಾದವು. ಎಲ್ಲ ವಿಮಾನ, ಎಲ್ಲ ಪೈಲಟ್ ರೆಡಿ ಇದ್ದರೂ ಒಂದು ಸಂದೇಶ ಸಮಯಕ್ಕೆ ತಲುಪದಿದ್ದರೆ ಯಾರೂ ಏಳುವ ಹಾಗಿಲ್ಲ. ಅದೇ ವರ್ಷ ಸಂಸತ್ತಿನ ಸ್ಥಾಯಿ ಸಮಿತಿ ಕೂಡ ಕಂಟ್ರೋಲರ್‌ಗಳ ಕೊರತೆ, ಅವರ ದಣಿವಿನ ಬಗ್ಗೆ ಎಚ್ಚರಿಸಿತ್ತು. ಪರದೆ ಮುಂದೆ ಕೂತವರು ಕಮ್ಮಿ ಇದ್ದರೆ ಒಬ್ಬರು ನೋಡಬೇಕಾದ ಆಕಾಶ ದೊಡ್ಡದಾಗುತ್ತದೆ, ಆಗ ಅವರು ಅಂತರ ಜಾಸ್ತಿ ಇಡುತ್ತಾರೆ, ಇಡಲೇಬೇಕು. ಅದರ ಫಲ ಇಲ್ಲಿ ಗೋಕುಲ ರಸ್ತೆಯಲ್ಲಿ ಕಾಣುತ್ತದೆ.

ಹಾಗಂತ ಪ್ರತಿ ವಿಳಂಬವನ್ನೂ ಎಟಿಸಿ ಮೇಲೆ ಹಾಕುವುದೂ ತಪ್ಪು. ನಿಯಂತ್ರಿತ ದಾರಿಯ ವಿಮಾನ ಹೇಳಿದ ಸಮಯಕ್ಕಿಂತ 30 ನಿಮಿಷಕ್ಕೂ ಹೆಚ್ಚು ತಡವಾದರೆ ಫ್ಲೈಟ್ ಪ್ಲಾನ್ ತಿದ್ದಬೇಕು ಅಥವಾ ಹೊಸದು ಫೈಲ್ ಮಾಡಬೇಕು. ಬೇರೆ ಊರಿನಿಂದ ವಿಮಾನವೇ ತಡವಾಗಿ ಬಂತು, ಲಗೇಜ್ ತಡವಾಯಿತು, ಸಿಬ್ಬಂದಿ ಇನ್ನೂ ಬಂದಿಲ್ಲ, ಇದರಿಂದ ಕೊಟ್ಟಿದ್ದ ಸಮಯ ತಪ್ಪಿ ಹೊಸ ಸಮಯಕ್ಕೆ ಕಾಯುವಾಗಲೂ ನಮಗೆ ಕೇಳಿಸುವುದು ಎಟಿಸಿ ಕ್ಲಿಯರೆನ್ಸ್ ಬಂದಿಲ್ಲ ಅನ್ನುವ ಅದೇ ಮಾತು. ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಇದು ಹಣದ ಪ್ರಶ್ನೆಯೂ ಹೌದು. ಎಟಿಸಿ ಕಾರಣದಿಂದ ಆದ ತೊಂದರೆಗೆ ವಿಮಾನ ಸಂಸ್ಥೆ ಪರಿಹಾರ ಕೊಡಬೇಕಾಗಿಲ್ಲ ಅಂತ ನಾಗರಿಕ ವಿಮಾನಯಾನದ ನಿಯಂತ್ರಕರಾದ ಡಿಜಿಸಿಎ ನಿಯಮದಲ್ಲೇ ಇದೆ. ಹಾಗಾಗಿ ಕಾರಣ ಯಾವುದು ಅಂತ ಬಿಡಿಸಿ ಹೇಳಬೇಕು: ಬೆಂಗಳೂರಿನಲ್ಲಿ ದಟ್ಟಣೆಯಿಂದ 9.40ಕ್ಕೆ ಏಳುವ ಸಮಯ ಕೊಟ್ಟಿದ್ದಾರೆ, ಅಥವಾ ಮೇಲಿನ ದಾರಿಯಲ್ಲಿ ಬೇರೆ ವಿಮಾನ ಇದೆ, ಅಥವಾ ನಮ್ಮದೇ ವಿಮಾನ ತಡವಾಗಿ ಬಂದು ಸಮಯ ತಪ್ಪಿತು. ಪೈಲಟ್‌ಗೆ ಇದೆಲ್ಲ ಗೊತ್ತೇ ಇರುತ್ತದೆ. ಒಂದು ವಾಕ್ಯದಲ್ಲಿ ಹೇಳಬಹುದು, ಕನ್ನಡದಲ್ಲೂ ಹೇಳಬಹುದು.

ನಮ್ಮ ಊರಿನಲ್ಲಿ ವಿಮಾನ ನಿಲ್ದಾಣದ ಚರ್ಚೆ ಅಂದರೆ ಯಾವಾಗಲೂ ಕಟ್ಟಡ ಮತ್ತು ರನ್‌ವೇಯದ್ದೇ. 2017ರ ಡಿಸೆಂಬರ್‌ನಲ್ಲಿ ಟರ್ಮಿನಲ್ ಆಯಿತು, ಸಣ್ಣ ಊರುಗಳಿಗೆ ವಿಮಾನ ತರುವ ಉಡಾನ್ ಯೋಜನೆ ಬಂತು, 2024ರ ಮಾರ್ಚ್‌ನಲ್ಲಿ ಇನ್ನೂ ದೊಡ್ಡ ಟರ್ಮಿನಲ್‌ಗೆ ಅಡಿಗಲ್ಲು ಬಿತ್ತು. ಎಲ್ಲವೂ ಬೇಕಾದದ್ದೇ, ಎಲ್ಲಕ್ಕೂ ಹೋರಾಡಿದವರಿದ್ದಾರೆ. ಆದರೆ ಬೆಳಗಿನ 8ರಿಂದ 10ರ ನಡುವೆ ಬೆಂಗಳೂರು, ಮುಂಬೈನಲ್ಲಿ ಇಳಿಯಲು ಸ್ಲಾಟ್, ಅಂದರೆ ಗೊತ್ತುಮಾಡಿದ ಸಮಯ, ಇಲ್ಲದಿದ್ದರೆ ಇಲ್ಲಿ ಎಷ್ಟು ಏರೋಬ್ರಿಡ್ಜ್ ಕಟ್ಟಿದರೂ ಆ ಹೊತ್ತಿನಲ್ಲಿ ಹೊಸ ವಿಮಾನ ಬರುವುದಿಲ್ಲ. ಬಂದರೂ ಕಾಯುತ್ತಲೇ ಇರುತ್ತದೆ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ಬದಲಾಗುತ್ತದೆ. ಯಾರಿಗೆ ಯಾವ ಸ್ಲಾಟ್ ಅಂತ ಅದಕ್ಕೂ ತಿಂಗಳುಗಳ ಮೊದಲೇ ಮಾತುಕತೆ ನಡೆದಿರುತ್ತದೆ. ನಮ್ಮ ಸಂಸದರು, ಇಲ್ಲಿನ ವಾಣಿಜ್ಯೋದ್ಯಮ ಸಂಸ್ಥೆಯವರು ಆ ಹೊತ್ತಿಗೆ ದೆಹಲಿಗೆ ಬರೆಯುವ ಪತ್ರದಲ್ಲಿ ಟರ್ಮಿನಲ್ ಜೊತೆಗೆ ಮೂರು ಬೇಡಿಕೆ ಸೇರಿಸಲಿ: ಸಣ್ಣ ಊರಿನ ವಿಮಾನಗಳಿಗೆ ಬೆಳಗಿನ ಹೊತ್ತಿನಲ್ಲಿ ಮೀಸಲಾದ ಸ್ಲಾಟ್, ಹುಬ್ಬಳ್ಳಿಯಿಂದ ಹೊರಡುವ ವಿಮಾನಗಳನ್ನು ಫ್ಲೋ ಮ್ಯಾನೇಜ್‌ಮೆಂಟ್ ಕಾರಣಕ್ಕೆ ಎಷ್ಟು ಹೊತ್ತು ಕಾಯಿಸಲಾಯಿತು ಅನ್ನುವ ತಿಂಗಳ ಲೆಕ್ಕ ಎಲ್ಲರಿಗೂ ಸಿಗುವ ಹಾಗೆ, ಮತ್ತೆ ಏರಿಯಾ ಕಂಟ್ರೋಲ್‌ನಲ್ಲಿ ಖಾಲಿ ಇರುವ ಹುದ್ದೆಗಳ ಭರ್ತಿ.